ಚಿಪ್ಪು ಎಂಬ ಮಾತು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕನ್ನಡ ಮಾಸ್ತರನಾಗಿದ್ದವನನ್ನು ಭಾಷಣಕ್ಕೆ ಕರೆದರೆ ಒಂದು ಶಬ್ದ ಹಿಡಿದುಕೊಂಡೇ ಬರುತ್ತಾನೆ. ಇವತ್ತು ನಾನು ತಂದದ್ದು ‘ಚಿಪ್ಪು’.

ಈ ಶಬ್ದ ಎಷ್ಟು ಕಡೆ ದುಡಿಯುತ್ತದೆ ನೋಡಿ. ಆಮೆಯ ಬೆನ್ನಿಗೆ ಚಿಪ್ಪು, ನಮ್ಮ ಮೊಣಕಾಲಿಗೂ ಚಿಪ್ಪು. ಕಾಯಿ ತುರಿದ ಮೇಲೆ ಉಳಿಯುವುದು ಚಿಪ್ಪು. ಅಂಗಡಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಮೋಸ ಹೋದವನ ಕೈಗೂ ಚಿಪ್ಪೇ, ತಿರುಳು ಇನ್ನೊಬ್ಬನಿಗೆ. ಇಂಗ್ಲಿಷಿನವರೂ ಕಡಿಮೆಯಿಲ್ಲ. ಅವರ ‘ಕ್ಲ್ಯಾಮ್‌ಶೆಲ್’ ಎಂದರೆ ಕಪ್ಪೆಚಿಪ್ಪು. ಎರಡು ಹೋಳು ಒಂದು ಬಿಜಾಗರಿಯಲ್ಲಿ ಕೂಡಿದ್ದರೆ ಸಾಕು, ಅದೇ ಹೆಸರು: ಮಡಚುವ ಮೊಬೈಲಿಗೆ, ಬೇಕರಿಯ ಪ್ಲಾಸ್ಟಿಕ್ ಡಬ್ಬಿಗೆ, ಹೂಳೆತ್ತುವ ಯಂತ್ರದ ಬಾಯಿಗೆ.

ಕಪ್ಪೆಚಿಪ್ಪು ನಮಗೆ ಪುಸ್ತಕದ ಮಾತು. (ಅದರಲ್ಲಿ ಕಪ್ಪೆ ಎಲ್ಲಿದೆ ಎಂದು ಘಟ್ಟದ ಮೇಲಿನ ಹುಡುಗನೊಬ್ಬ ಕೇಳಿದ್ದ.) ನಮ್ಮ ಅಘನಾಶಿನಿಯ ದಡದಲ್ಲಿ ಅದು ಬಳಚು, ತುಳುವಿನಲ್ಲಿ ಮರುವಾಯಿ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿಗಿಳಿದು, ಕಾಲಿನಲ್ಲೇ ತಡವಿ, ಬುಟ್ಟಿ ತುಂಬಿಸಿದ ತಾಯಂದಿರು ಈ ಸಭೆಯಲ್ಲೇ ಕೂತಿದ್ದೀರಿ. ಬಳಚಿಗೆ ಬಾಯಿ ಮುಚ್ಚಲು ಸ್ನಾಯುವಿನ ಬಲ ಬೇಕು, ತೆರೆಯಲು ಬೇಡ. ಬೆನ್ನಿನ ಬಂಧವೇ ತೆರೆಯುತ್ತದೆ. ಬಿಸಿನೀರಿನಲ್ಲಿ ಬಾಯಿ ಬಿಡುವುದು ಅದಕ್ಕೇ. ಹಸಿಯಿರುವಾಗಲೇ ಬಾಯಿ ಬಿಟ್ಟು, ತಟ್ಟಿದರೂ ಮುಚ್ಚದ್ದನ್ನು ನೀವು ಆಯ್ದು ಎಸೆಯುತ್ತೀರಿ. ವಿಜ್ಞಾನದ ಪುಸ್ತಕ ತೆರೆಯದೆ ಕಲಿತ ವಿಜ್ಞಾನ ಅದು.

ಆದರೆ ನಾನು ಓದುವಾಗ, ‘ಅಮ್ಮ ಏನು ಕೆಲಸ ಮಾಡುತ್ತಾರೆ’ ಎಂದು ಕೇಳಿದರೆ ಗೆಳೆಯರು ‘ಕೂಲಿ’ ಎನ್ನುತ್ತಿದ್ದರು. ಬಳಚು ಎನ್ನಲು ನಾಚಿಕೆ. ಅವರ ನೋಟುಪುಸ್ತಕ ಬಂದದ್ದು ಮಾತ್ರ ಅದೇ ಬುಟ್ಟಿಯಿಂದ.

ತಿಂದುಳಿದ ಚಿಪ್ಪೂ ಸುಮ್ಮನಿರುವುದಿಲ್ಲ. ಭಟ್ಟಿಯಲ್ಲಿ ಸುಟ್ಟರೆ ಅದರ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣವಾಗುತ್ತದೆ. ನೀರು ಹಾಕಿದರೆ ಭುಸ್ಸೆಂದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮರಳಿ ಪಡೆದು ಗಟ್ಟಿಯಾಗುತ್ತದೆ. ಅಂದರೆ ಸುಣ್ಣ ಬಳಿದ ಗೋಡೆಯ ಮೇಲಿರುವುದು ಮತ್ತೆ ಚಿಪ್ಪಿನ ವಸ್ತುವೇ. ಎಲೆ ಅಡಿಕೆ ಹಾಕುವವರಿಗೆ ಚಿಪ್ಪಿನ ಸುಣ್ಣದ ರುಚಿ ನಾನು ಹೇಳಬೇಕಾಗಿಲ್ಲ.

2024ರಲ್ಲಿ ನಮ್ಮ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸಂತೋಷ. ಆದರೆ ಬಳಚಿಗೆ ಬೇಕಾದದ್ದು ಪಟ್ಟಿಯಲ್ಲ. ಸಿಹಿನೀರು ಉಪ್ಪುನೀರು ಹದವಾಗಿ ಬೆರೆಯುವ ಹೊಳೆ, ಕೆದಕದೆ ಬಿಟ್ಟ ತಳ. ಸಣ್ಣ ಮರಿಗಳನ್ನೂ ಗೋರಿ ತಂದರೆ ಮುಂದಿನ ವರ್ಷ ನಮ್ಮ ಕೈಗೆ ಬರುವುದು ಆ ಇನ್ನೊಂದು ಚಿಪ್ಪು.

ಮುಖ್ಯೋಪಾಧ್ಯಾಯರಲ್ಲಿ ಒಂದು ಬೇಡಿಕೆ ಇಟ್ಟಿದ್ದೇನೆ. ವಿಜ್ಞಾನ ಕೊಠಡಿಗೆ ಗಾಜಿನ ಕಪಾಟೊಂದನ್ನು ನಾನು ಕೊಡುತ್ತೇನೆ. ಮಕ್ಕಳೇ, ಹೊಳೆಯ ಒಂದೊಂದು ಜಾತಿಯ ಚಿಪ್ಪನ್ನೂ ತಂದು ಅದರಲ್ಲಿಡಿ. ಹೆಸರಿನ ಚೀಟಿ ಬರೆಯುವಾಗ ಪುಸ್ತಕ ನೋಡಬೇಡಿ, ಮನೆಯಲ್ಲಿ ಅಮ್ಮನನ್ನು, ಅಜ್ಜಿಯನ್ನು ಕೇಳಿ ಬರೆಯಿರಿ. ಯಾರು ಹೇಳಿದರು ಎಂಬುದನ್ನೂ ಕೆಳಗೆ ಬರೆಯಿರಿ.