ಮುರಿದ ಪಿಸ್ಟನ್ನುಗಳ ಕಪಾಟು
(ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಮೇ 1 ಕೈಕೆಲಸದವರ ಹಬ್ಬ. ಈ ದಿನ 2005ರ ಒಂದು ಚಲನಚಿತ್ರವನ್ನು ನೆನೆಯೋಣ: ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’. ಹೆಸರು ಕೇಳಿ ನಮ್ಮ ದೇಶದವನ ಕಥೆ ಎಂದುಕೊಳ್ಳಬೇಡಿ. ‘ಇಂಡಿಯನ್’ ಎಂಬುದು ಅಮೆರಿಕದ ಒಂದು ಮೋಟಾರ್ ಸೈಕಲ್ಲಿನ ಹೆಸರು.

ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನ ಬರ್ಟ್ ಮನ್ರೋ ನಿಜವಾಗಿ ಬದುಕಿದ್ದವರು. ಅವರು ಕೊಂಡದ್ದು 1920ರ ಗಾಡಿ. ಹೊಸದರಲ್ಲಿ ಅದರ ವೇಗ ಗಂಟೆಗೆ ಸುಮಾರು 88 ಕಿ.ಮೀ. ಮಾತ್ರ. ಬಿಡಿಭಾಗ ಕೊಳ್ಳಲು ಹಣವಿಲ್ಲ. ಹಳೆಯ ತಗಡಿನ ಡಬ್ಬಗಳಲ್ಲಿ ಲೋಹ ಎರೆದು ಪಿಸ್ಟನ್ ಮಾಡಿದರು, ಚಕ್ರದ ಕಡ್ಡಿಯಿಂದಲೇ ಅಳತೆಯ ಸಾಧನ ಮಾಡಿಕೊಂಡರು. ಅಮೆರಿಕದ ಯೂಟಾ ರಾಜ್ಯದಲ್ಲಿ ಬೊನೆವಿಲ್ ಎಂಬ ಉಪ್ಪಿನ ಬಯಲಿದೆ, ವೇಗದ ದಾಖಲೆಗಳ ಅಂಗಳ. ಚಿತ್ರದಲ್ಲಿ ಮುದುಕ ಮನ್ರೋ ಅಲ್ಲಿಗೆ ಹೋದಾಗ, ಮುಂಚಿತವಾಗಿ ಹೆಸರು ನೋಂದಾಯಿಸಿಲ್ಲ, ಗಾಡಿಯೂ ಸುರಕ್ಷಿತವಲ್ಲ ಎಂದು ಅಧಿಕಾರಿಗಳು ತಡೆಯುತ್ತಾರೆ. ಆಗ ಅವರ ಪರವಾಗಿ ಮಾತನಾಡುವವರು ಯಾರು? ಅದೇ ಬಯಲಿಗೆ ದಾಖಲೆ ಬೆನ್ನಟ್ಟಿ ಬಂದ ಇತರ ಸ್ಪರ್ಧಿಗಳೇ!

ಆದರೆ ನಮ್ಮ ಮನಸ್ಸು ನಿಲ್ಲುವುದು ಅವರ ಶೆಡ್ಡಿನಲ್ಲಿದ್ದ ಕಪಾಟಿನ ಮೇಲೆ. ಒಡೆದ, ಸುಟ್ಟ, ಕರಗಿದ ಬಿಡಿಭಾಗಗಳನ್ನೆಲ್ಲ ಅಲ್ಲಿ ಸಾಲಾಗಿ ಇಟ್ಟು, ‘ವೇಗದ ದೇವರಿಗೆ ಕಾಣಿಕೆ’ ಎಂದು ಬರೆದಿದ್ದರು. ವೇಗಕ್ಕೊಬ್ಬ ದೇವರು ಎಂಬುದನ್ನು ನಾವು ಒಪ್ಪುವುದಿಲ್ಲ. ಅದೊಂದು ತಮಾಷೆ ಎಂದೇ ತಿಳಿಯೋಣ. ಆದರೂ ಕೆಟ್ಟುಹೋದ ಕೆಲಸವನ್ನು ಆ ಮನುಷ್ಯ ಬಚ್ಚಿಡಲಿಲ್ಲ.

ನಮ್ಮ ಮನೆಗಳ ಶೋಕೇಸಿನಲ್ಲಿ ಏನಿದೆ? ಕಪ್ಪು, ಪದಕ, ಮೊದಲ ದರ್ಜೆಯ ಅಂಕಪಟ್ಟಿ. ಇದು ಪರೀಕ್ಷಾ ಫಲಿತಾಂಶಗಳ ಕಾಲ. ಕಡಿಮೆ ಅಂಕ ಬಂದ ಮಗುವಿನ ಹೆಸರನ್ನು ನೆಂಟರೆದುರು ಎತ್ತಲೂ ನಾವು ಹಿಂಜರಿಯುತ್ತೇವೆ. ಊಟಕ್ಕೂ ಬಾರದೆ ಆ ಮಗು ಒಳಕೋಣೆಯಲ್ಲಿ ಕುಳಿತಿರುತ್ತದೆ. ಬಡಗಿ ಜೋಸೆಫರ ಮನೆಯಲ್ಲಿ ಅಳತೆ ತಪ್ಪಿ ಕೊಯ್ದ ಹಲಗೆಗಳು ಇರಲಿಲ್ಲವೇ? ಬಾಲಯೇಸು ಅವುಗಳ ನಡುವೆಯೇ ಬೆಳೆದಿರಬೇಕು.

1967ರಲ್ಲಿ, 68ರ ವಯಸ್ಸಿನಲ್ಲಿ, ಮನ್ರೋ ದಾಖಲೆ ಮಾಡಿದರು. ಅಲ್ಲಿಯ ನಿಯಮದಂತೆ ಹೋಗುವಾಗಿನ, ಬರುವಾಗಿನ ಎರಡೂ ಓಟಗಳ ಸರಾಸರಿ ತೆಗೆಯಬೇಕು. ಅದನ್ನು ಲೆಕ್ಕ ಹಾಕಿದವರೇ ತಪ್ಪಿದ್ದರು! 183.586 ಮೈಲಿ ಎಂದು ಬರೆದದ್ದು ಅವರ ಮಗನ ಕಣ್ಣಿಗೆ ಬಿದ್ದು, 2014ರಲ್ಲಿ 184.087 ಎಂದು ತಿದ್ದಲಾಯಿತು. ಮನ್ರೋ 1978ರಲ್ಲೇ ತೀರಿಕೊಂಡಿದ್ದರು.