ಕೊಬ್ಬು ಎಲ್ಲಿದೆ?



“ನಾನು ತೆಳ್ಳಗಿದ್ದೀನಿ. ಹೃದಯದ ಕಾಯಿಲೆ ದಪ್ಪಗಿರೋರಿಗೆ ಬರೋದು.” ಹೀಗೆ ನಾವು ಅಂದ್ಕೊಳ್ತೀವಿ. ಇದು ಪೂರ್ತಿ ನಿಜವಲ್ಲ. ಕೊಬ್ಬು ಎಷ್ಟಿದೆ ಅನ್ನೋದು ಮುಖ್ಯ. ಎಲ್ಲಿದೆ ಅನ್ನೋದೂ ಅಷ್ಟೇ ಮುಖ್ಯ.

ಕೊಬ್ಬು ಎರಡು ಕಡೆ ಸೇರುತ್ತೆ. ಒಂದು, ಚರ್ಮದ ಕೆಳಗೆ. ತೊಡೆ, ತೋಳಿನಲ್ಲಿ ಕೈಗೆ ಸಿಗುವ ಕೊಬ್ಬು ಇದು. ಕಣಜದ ಕಾಳಿನ ಹಾಗೆ ತನ್ನ ಜಾಗದಲ್ಲಿ ಇರುತ್ತೆ. ತೊಡೆಯ ಕೊಬ್ಬಿನಿಂದ ರಕ್ತನಾಳಕ್ಕೆ ತೊಂದರೆ ಕಡಿಮೆ.

ಇನ್ನೊಂದು, ಹೊಟ್ಟೆಯ ಒಳಗೆ, ಕರುಳಿನ ಸುತ್ತ. ಇದು ಕೈಗೆ ಸಿಗಲ್ಲ. ಕಣಜ ತುಂಬಿ ಹೊರಗೆ ಚೆಲ್ಲಿದ ಕಾಳಿನ ಹಾಗೆ. ಚೆಲ್ಲಿದ ಕಾಳಿಗೆ ಹುಳ ಹಿಡಿಯುತ್ತೆ ಅಲ್ಲವೇ?

ಈ ಕೊಬ್ಬು ಕರಗಿ ನೇರವಾಗಿ ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ ಹೋಗುತ್ತೆ. ಆಗ ರಕ್ತದಲ್ಲಿ ಕೊಬ್ಬು ಏರುತ್ತೆ, ಸಕ್ಕರೆ ಏರುತ್ತೆ. ರಕ್ತನಾಳದ ಒಳಗೋಡೆ ನುಣುಪಾಗಿರಬೇಕು. ಅದು ಕೆಡುತ್ತೆ. ನಾಳ ಬಿರುಸಾಗುತ್ತೆ. ಗೋಡೆಯಲ್ಲಿ ಕೊಬ್ಬು ಕಟ್ಟುತ್ತೆ. ಅದು ಒಡೆದು ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚುತ್ತೆ. ಹೃದಯದ ನಾಳವಾದರೆ ಹೃದಯಾಘಾತ. ಮೆದುಳಿನ ನಾಳವಾದರೆ ಲಕ್ವ.

ಪುಣೆಯ ವೈದ್ಯ ಡಾ. ಯಾಜ್ಞಿಕ್, ಲಂಡನ್ನಿನ ವೈದ್ಯ ಡಾ. ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ. ಆದರೆ ಕೊಬ್ಬು? ಯುಡ್ಕಿನ್ ಮೈಯಲ್ಲಿ 100ಕ್ಕೆ 9 ಪಾಲು. ಯಾಜ್ಞಿಕ್ ಮೈಯಲ್ಲಿ 21 ಪಾಲು! 2004ರಲ್ಲಿ ಇದನ್ನು ಅವರೇ ಫೋಟೋ ಸಮೇತ ಬರೆದರು. ನಮ್ಮ ದೇಶದವರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚಿರಬಹುದು. ಬರಿಯ ತೂಕ ನೋಡಿ ನಂಬಬೇಡಿ.

ಮತ್ತೆ ತಿಳಿಯೋದು ಹೇಗೆ? ದರ್ಜಿಯ ಟೇಪು ಸಾಕು. ಪಕ್ಕೆಲುಬಿನ ಕೊನೆ, ಸೊಂಟದ ಮೂಳೆ, ಇವೆರಡರ ನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆ ಎಳ್ಕೋಬೇಡಿ! ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ದಾಟಿದ್ದರೆ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ.

ಹೆದರಬೇಡಿ. ಈ ಕೊಬ್ಬು ನಡೆದರೆ ಕರಗುತ್ತೆ. ತೂಕ ಅಷ್ಟಾಗಿ ಇಳಿಯದಿದ್ದರೂ ಹೊಟ್ಟೆಯೊಳಗಿನ ಕೊಬ್ಬು ಕಡಿಮೆಯಾಗಬಹುದು. ವಾರದಲ್ಲಿ 5 ದಿನ, ದಿನಕ್ಕೆ 30 ನಿಮಿಷ ಬಿರುಸಾಗಿ ನಡೆಯಿರಿ. ಎಣ್ಣೆಯಲ್ಲಿ ಕರಿದದ್ದು, ಸಕ್ಕರೆ ಕಡಿಮೆ ಮಾಡಿ. ಸೊಪ್ಪು, ಕಾಳು ಹೆಚ್ಚಿಸಿ. ಬೀಡಿ, ಸಾರಾಯಿ ಬಿಡಿ.

ಈಗ ನಿಮಗೆ ಅಂಕಿ ಓದಲು ಬರುತ್ತೆ, ಬರೆಯಲು ಬರುತ್ತೆ. ಇವತ್ತೇ ನಿಮ್ಮ ಸೊಂಟದ ಅಳತೆ ಬರೆದಿಡಿ. ಮೂರು ತಿಂಗಳಾದ ಮೇಲೆ ಮತ್ತೆ ಬರೆಯಿರಿ. ಎರಡನ್ನೂ ಹೋಲಿಸಿ ನೋಡಿ. ಕಲಿತ ಅಕ್ಷರ ನಮ್ಮ ಜೀವಕ್ಕೂ ಕಾವಲಾಗಲಿ.