ಕೊಳವೆ ಹಿಡಿಸುವಷ್ಟೇ ಊರು



ಶಾಸನ, ಸಾಹಿತ್ಯದ ಮಾತು ಕೇಳಲು ಬಂದ ನಿಮ್ಮೆದುರು ಒಳಚರಂಡಿಯ ವಿಷಯ ಎತ್ತುತ್ತಿದ್ದೇನೆ. ಅದಕ್ಕೆ ಈ ಕಲ್ಯವೇ ತಕ್ಕ ಜಾಗ. 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶಾಸನ ಇಲ್ಲಿದೆ. ಅದರ ಶ್ರವಣಬೆಳಗೊಳದ ಪ್ರತಿಯಲ್ಲಿ ಸಾಮರಸ್ಯದ ಮಾತಿನ ಜೊತೆಗೆ ಲೆಕ್ಕವೂ ಇದೆ: ಜೈನರ ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಎತ್ತಬೇಕು, ಇಪ್ಪತ್ತು ಕಾವಲಾಳುಗಳನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಅಪ್ಪಣೆ ಕೊಟ್ಟ ದೊರೆ ಖರ್ಚು ಯಾರದು, ಕೆಲಸ ಯಾರದು ಎಂಬುದನ್ನೂ ಕಲ್ಲಲ್ಲಿ ಬರೆಸಿದ. ಇವತ್ತು ಬಡಾವಣೆಗಳಿಗೆ ನಾವು ಕೊಡುವ ಅನುಮೋದನೆಯಲ್ಲಿ ಕಾಣದಿರುವುದು ಇದೇ.

ಬಡಾವಣೆಯ ನಕ್ಷೆ ಮಂಜೂರಾಗುವಾಗ ರಸ್ತೆ ಎಷ್ಟು ಅಡಿ, ಪಾರ್ಕಿಗೆ ಎಷ್ಟು ಜಾಗ ಎಂದು ಅಳೆಯುತ್ತಾರೆ. ಬಡಾವಣೆಯೊಳಗಿನ ಕೊಳವೆಯನ್ನೂ ನೋಡುತ್ತಾರೆ. ಅದು ಹೋಗಿ ಸೇರುವ ಹಳೆಯ ಕೊಳವೆಯಲ್ಲಿ ಇನ್ನೆಷ್ಟು ಜಾಗ ಉಳಿದಿದೆ? ನನ್ನ ಉಪನ್ಯಾಸವೆಲ್ಲ ಈ ಒಂದು ಪ್ರಶ್ನೆಯ ಮೇಲೆ.

ಲೆಕ್ಕ ಕಷ್ಟದ್ದಲ್ಲ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ನೂರಕ್ಕೆ 80 ಭಾಗ ಚರಂಡಿಗೆ, ಅಂದರೆ 108 ಲೀಟರ್. ಬೆಳಿಗ್ಗೆ ಊರೆಲ್ಲ ಒಟ್ಟಿಗೆ ಸ್ನಾನಕ್ಕಿಳಿಯುವ ಹೊತ್ತಿಗೆ ಹರಿವು ಸರಾಸರಿಯ ಮೂರು ಪಟ್ಟಾಗುತ್ತದೆಂದು ಎಂಜಿನಿಯರುಗಳು ಹಿಡಿಯುತ್ತಾರೆ. ಕಸ ಕೂರದಿರಲು ನೀರು ಸೆಕೆಂಡಿಗೆ 0.6 ಮೀಟರಾದರೂ ಓಡಬೇಕು. ಕೊಳವೆ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ತುಂಬಬಾರದು. ಇಷ್ಟನ್ನು ಹಿಡಿದು ಗುಣಿಸಿದರೆ, ಕನಿಷ್ಠ ಇಳಿಜಾರಿನಲ್ಲಿ ಹಾಸಿದ 200 ಮಿಲಿಮೀಟರ್ ಕೊಳವೆ ಸುಮಾರು 5 ಸಾವಿರ ಜನರ ನೀರನ್ನು ಒಯ್ಯಬಲ್ಲದು. ಅದರಾಚೆ ಇಲ್ಲ.

ಈಗ 250 ನಿವೇಶನದ ಬಡಾವಣೆಯೊಂದನ್ನು ತೆಗೆದುಕೊಳ್ಳಿ. ಮನೆಗೆ ನಾಲ್ವರಂತೆ ಸಾವಿರ ಜನ. ಆದರೆ ಬೆಂಗಳೂರಿನ ಬಾಡಿಗೆ ನಮ್ಮ ಕಡೆಗೂ ಬಂದಿದೆ. ನಿವೇಶನ ಕೊಂಡವರು ಕೆಳಗೆ ತಾವಿದ್ದು ಮೇಲೆ ಎರಡು ಅಂತಸ್ತು ಎಬ್ಬಿಸುತ್ತಾರೆ. ಸಾವಿರ ಮೂರು ಸಾವಿರವಾಗುತ್ತದೆ. ಮಂಜೂರಾತಿ ನಿವೇಶನವನ್ನು ಎಣಿಸುತ್ತದೆ, ಕೊಳವೆಗೆ ಬಂದು ಬೀಳುವುದು ಜನರ ನೀರು. ಮಳೆಗಾಲದಲ್ಲಿ ತಾರಸಿಯ ಪೈಪನ್ನೂ ಚೇಂಬರಿಗೇ ಬಿಡುವವರಿದ್ದಾರೆ. ಆಗ ಉಕ್ಕುವುದು ಹೊಸ ಬಡಾವಣೆಯಲ್ಲಲ್ಲ, ತಗ್ಗಿನ ಹಳೆಯ ಬೀದಿಯಲ್ಲಿ. ಬಚ್ಚಲ ಜಾಲರಿಯಲ್ಲಿ ಮೊದಲು ಗುಳುಗುಳು ಸದ್ದು, ಆಮೇಲೆ ಕಪ್ಪು ನೀರು, ಅಡುಗೆಮನೆಯ ಹೊಸ್ತಿಲವರೆಗೆ. ಆ ಮನೆಯವರು ಯಾವ ಅರ್ಜಿಗೂ ಸಹಿ ಹಾಕಿದವರಲ್ಲ.

ಕಟ್ಟಿಕೊಂಡ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವ ಪಾಪವೂ ಇಲ್ಲಿಂದಲೇ ಶುರು. 2013ರ ಕಾಯ್ದೆ ಅದನ್ನು ನಿಷೇಧಿಸಿದೆ. ಆದರೂ 2021ರ ಜೂನ್‌ನಲ್ಲಿ ನಮ್ಮ ರಾಮನಗರದಲ್ಲೇ ಮ್ಯಾನ್‌ಹೋಲಿಗಿಳಿದ ಮೂವರು ಕೂಲಿಕಾರರು ಉಸಿರುಗಟ್ಟಿ ಸತ್ತರು. ಈ ಜಿಲ್ಲೆಯಲ್ಲಿ ಒಳಚರಂಡಿಯ ಬಗ್ಗೆ ಮಾತಾಡುವವರು ಅವರನ್ನು ಮರೆತು ಮಾತಾಡಬಾರದು.

ನೀರಿನ ಮಿತಿ ನೋಡಿ ಕಟ್ಟಡಕ್ಕೆ ಮಿತಿ ಹಾಕುವುದು ನಮ್ಮ ತಾಲ್ಲೂಕಿಗೆ ಹೊಸದಲ್ಲ. ಅರ್ಕಾವತಿ, ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಿಂದ ಜಲಾಶಯವಿದೆ. ದಶಕಗಳ ಕಾಲ ಬೆಂಗಳೂರಿಗೆ ಕುಡಿಯಲು ಕೊಟ್ಟ ನೀರು ಅದು. ಅದನ್ನು ಉಳಿಸಲು ಸರ್ಕಾರ 2003ರ ನವೆಂಬರ್‌ನಲ್ಲಿ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡ, ಕೈಗಾರಿಕೆಗಳಿಗೆ ನಿರ್ಬಂಧ ಹಾಕಿತು. ಆದೇಶ ಸರಿಯಾಗಿಯೇ ಇತ್ತು. ಆದರೂ ಹೊಳೆ ಬತ್ತುವುದೂ ನಿಲ್ಲಲಿಲ್ಲ, ಕೊಳಚೆ ಬರುವುದೂ ನಿಲ್ಲಲಿಲ್ಲ. 2012ರಲ್ಲಿ ಜಲಮಂಡಳಿ ಅಲ್ಲಿಂದ ನೀರೆತ್ತುವುದನ್ನೇ ಬಿಟ್ಟಿತು. ಕೊಳಚೆಯನ್ನು ತಡೆದು ತೋರಿಸಿದ ಮೇಲೆ ನಿರ್ಬಂಧ ಸಡಿಲಿಸಬೇಕಿತ್ತು. 2019ರಲ್ಲಿ ಮೊದಲೇ ಸಡಿಲಿಸಿದರು. ಇದು ತಪ್ಪು ನಿರ್ಧಾರವೆಂದೇ ನಾನು ಹೇಳುತ್ತೇನೆ.

ಬಿಡದಿಯ ಕಡೆ ಹೋದವರಿಗೆ ಬೈರಮಂಗಲ ಕೆರೆಯ ನೊರೆ ಗೊತ್ತು. ರೈತರ ಗದ್ದೆಗೆಂದು ಕಟ್ಟಿದ ಕೆರೆಗೆ ವೃಷಭಾವತಿ ಬೆಂಗಳೂರಿನ ಹೊಲಸನ್ನು ತಂದು ತುಂಬಿತು. ಮುಂದೆ ಅದೇ ನೀರು ಕನಕಪುರದ ಕಡೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಆ ಬೈರಮಂಗಲದ ಸುತ್ತಲೇ ಈಗ ಸಾವಿರಾರು ಎಕರೆಯ ಹೊಸ ಉಪನಗರದ ಮಾತು ನಡೆದಿದೆ.

ಮನೆ ಕಟ್ಟಬೇಡಿ ಎನ್ನುವವನು ನಾನಲ್ಲ. ನಮ್ಮ ಮಕ್ಕಳಿಗೂ ಸೂರು ಬೇಕು. ಕೊಳವೆ ದೊಡ್ಡದಾಗಲಿ, ಶುದ್ಧೀಕರಣ ಘಟಕ ಓಡಲಿ, ಆಮೇಲೆ ಮನೆ ಏಳಲಿ. ಆ ಖರ್ಚಿನಲ್ಲಿ ನಿವೇಶನ ಮಾರಿ ಲಾಭ ಪಡೆದವರ ಪಾಲೂ ಇರಲಿ. ನಿಮ್ಮ ಊರಿನ ಪಕ್ಕ ಹೊಸ ಬಡಾವಣೆಯ ಕಲ್ಲು ನೆಟ್ಟ ದಿನವೇ ಪುರಸಭೆಗೋ ಪಂಚಾಯಿತಿಗೋ ಒಂದು ಅರ್ಜಿ ಕೊಡಿ: ಇದರ ನೀರು ಯಾವ ಮ್ಯಾನ್‌ಹೋಲಿಗೆ ಹೋಗುತ್ತದೆ, ಆ ಕೊಳವೆಗೆ ಈಗಾಗಲೇ ಎಷ್ಟು ಮನೆ ಸೇರಿವೆ, ಕೊನೆಯ ಘಟಕದಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಕೇಳಿ. ಬರಹದಲ್ಲಿ ಉತ್ತರ ಬರುವವರೆಗೆ ಅನುಮೋದನೆ ಕೊಡಬೇಡಿ ಎಂದು ನಿಮ್ಮ ಸದಸ್ಯರಿಗೆ ಹೇಳಿ.